ಮಲಾಡ್‌ನಿಂದ ಒಂದು ಲೋಕಲ್ ದೂರದ ಯುರೋಪ್: ವಸಾಯಿ ಮತ್ತು ನಮ್ಮ ಪಕ್ಕದ ಬೀದಿ

ಈ ಸಲದ ಮಾತು ವೀಕೆಂಡ್ ಬಗ್ಗೆ. ಹಾಗಂತ ಇದು ಪ್ರವಾಸದ ಎಪಿಸೋಡ್ ಅಲ್ಲ, ಇತಿಹಾಸದ್ದೇ.

ನಮ್ಮ ಆಫೀಸುಗಳಲ್ಲಿ ಆನ್‌ಸೈಟ್ ಹೋದವರು ವಾಪಸ್ ಬಂದಾಗ ಒಂದು ಪಟ್ಟಿ ಹಿಡಿದೇ ಬರ್ತಾರೆ. ಲಿಸ್ಬನ್‌ನಲ್ಲಿ ಎರಡು ದಿನ ಇದ್ರೆ ಏನು ನೋಡಬೇಕು, ಯಾವ ಹಳೇ ಚರ್ಚು, ಯಾವ ಸಣ್ಣ ಗಲ್ಲಿ, ಯಾವ ಬೇಕರಿ, ಸಂಜೆ ನದಿಯ ದಂಡೆಯಲ್ಲಿ ಎಲ್ಲಿ ಕೂತ್ಕೋಬೇಕು. ಕೇಳೋಕೆ ಚೆನ್ನಾಗಿರುತ್ತೆ. ಆದರೆ ಮಲಾಡ್ ಲಿಂಕ್ ರೋಡಿನ ಗಾಜಿನ ಕಟ್ಟಡದಲ್ಲಿ ಕೂತು ಆ ಪಟ್ಟಿ ಕೇಳುವಾಗ ಒಂದು ಲೆಕ್ಕ ನೆನಪಿರಲಿ. ನಾವು ಕೂತಿರುವ ಈ ನೆಲ ಅದೇ ಲಿಸ್ಬನ್‌ನ ಆಳ್ವಿಕೆಯಲ್ಲಿ 1534ರಿಂದ 1739ರವರೆಗೆ ಇತ್ತು. ಅಂದರೆ 205 ವರ್ಷ. ಇಂಗ್ಲಿಷರು ಇಲ್ಲಿಗೆ ಬಂದದ್ದು 1774ರಲ್ಲಿ, ಹೋದದ್ದು 1947ರಲ್ಲಿ, ಅಂದರೆ 173 ವರ್ಷ. ಮಲಾಡ್ ಮಟ್ಟಿಗೆ ಬ್ರಿಟಿಷರಿಗಿಂತ ಪೋರ್ಚುಗೀಸರೇ ಹೆಚ್ಚು ಕಾಲ ಆಳಿದವರು. ಮುಂಬೈ ಅಂದ ಕೂಡಲೇ ವಿಕ್ಟೋರಿಯಾ ಟರ್ಮಿನಸ್, ಗೇಟ್‌ವೇ ಅಂತ ಯೋಚಿಸುವ ನಮಗೆ ಇದು ಹೊಳೆಯೋದೇ ಇಲ್ಲ.

ಮಾಹಿಮ್‌ನಲ್ಲಿ ಒಂದು ಗಡಿ ಇತ್ತು

ಇದು ಹೇಗಾಯ್ತು ಅಂತ ಚುಟುಕಾಗಿ ಹೇಳ್ತೀನಿ. 1534ರಲ್ಲಿ ಗುಜರಾತಿನ ಸುಲ್ತಾನ ಬಹಾದುರ್ ಶಾಹನಿಗೆ ಒಂದು ಕಡೆ ಮೊಘಲ್ ಹುಮಾಯೂನನ ಭಯ, ಇನ್ನೊಂದು ಕಡೆ ಸಮುದ್ರದಲ್ಲಿ ಪೋರ್ಚುಗೀಸರ ಕಾಟ. ಒಬ್ಬನನ್ನಾದರೂ ಸಮಾಧಾನ ಮಾಡಬೇಕು. ಆ ವರ್ಷದ ಡಿಸೆಂಬರ್ 23ರಂದು ವಸಾಯಿಯನ್ನೂ ಅದಕ್ಕೆ ಸೇರಿದ ದ್ವೀಪಗಳನ್ನೂ ಗವರ್ನರ್ ನುನೊ ದ ಕುನ್ಹಾಗೆ ಬರೆದುಕೊಟ್ಟ. ಆ ದ್ವೀಪಗಳಲ್ಲಿ ಸಾಷ್ಟಿಯೂ ಒಂದು. ಇಂಗ್ಲಿಷ್ ದಾಖಲೆಗಳಲ್ಲಿ ಸಾಲ್ಸೆಟ್. ಬಾಂದ್ರಾದಿಂದ ಭಾಯಂದರ್‌ವರೆಗಿನ ಇವತ್ತಿನ ಉಪನಗರಗಳೆಲ್ಲ ಅದರಲ್ಲೇ ಬರುತ್ತವೆ, ಮಲಾಡ್ ಕೂಡ.

ಆಮೇಲಿನ ಕಥೆ ನಿಮಗೆ ಗೊತ್ತಿರೋದೇ. 1661ರ ಮದುವೆ ಒಪ್ಪಂದದಲ್ಲಿ ಪೋರ್ಚುಗಲ್‌ನ ರಾಜಕುಮಾರಿ ಕ್ಯಾಥರೀನ್ ಜೊತೆ ಬೊಂಬಾಯಿ ದ್ವೀಪ ಇಂಗ್ಲೆಂಡಿನ ಎರಡನೇ ಚಾರ್ಲ್ಸ್‌ಗೆ ವರದಕ್ಷಿಣೆಯಾಗಿ ಹೋಯ್ತು. ಶಾಲೆಯ ಪಾಠ ಇಲ್ಲಿಗೆ ಮುಗಿಯುತ್ತೆ. ಆದರೆ ನಿಜವಾದ ಜಗಳ ಶುರುವಾಗೋದೇ ಇಲ್ಲಿಂದ. ಸಾಷ್ಟಿಯೂ ಸೇರಿದೆ ಅಂತ ಇಂಗ್ಲಿಷರು, ಸೇರಿಲ್ಲ ಅಂತ ಪೋರ್ಚುಗೀಸರು. ಎಳೆದಾಡಿ ಕೊನೆಗೆ 1665ರಲ್ಲಿ ಬೊಂಬಾಯಿ ಕೈಬದಲಾಯಿತು, ಸಾಷ್ಟಿ ಪೋರ್ಚುಗೀಸರ ಹತ್ತಿರವೇ ಉಳೀತು. ಹಾಗಾಗಿ ಮಾಹಿಮ್ ಖಾಡಿಯ ಈ ಕಡೆ ಒಂದು ಯುರೋಪಿಯನ್ ರಾಜ್ಯ, ಆ ಕಡೆ ಇನ್ನೊಂದು. ಮಲಾಡ್‌ನಿಂದ ಚರ್ಚ್‌ಗೇಟ್ ಕಡೆ ಹೋಗುವ ಲೋಕಲ್ ಇವತ್ತು ಕೆಲವೇ ಸೆಕೆಂಡಿನಲ್ಲಿ ದಾಟುವ ಆ ನೀರು ಎಪ್ಪತ್ತಕ್ಕೂ ಹೆಚ್ಚು ವರ್ಷ ಎರಡು ರಾಜ್ಯಗಳ ಗಡಿಯಾಗಿತ್ತು.

ಶನಿವಾರ: ಮನೆಯ ಹತ್ತಿರದ್ದು

ಹಾಗಾದರೆ ನಮ್ಮ ವೀಕೆಂಡ್ ಪಟ್ಟಿ ಮಾಡೋಣ. ಮೊದಲ ದಿನ ಸಾಷ್ಟಿ ಬಿಟ್ಟು ಹೊರಗೆ ಹೋಗೋದೇ ಬೇಡ.

ಮಲಾಡ್ ಪಶ್ಚಿಮದಿಂದ ಮಢ್ ಕಡೆ ಹೋಗುವ ರಸ್ತೆಯಲ್ಲಿ ಎರಂಗಲ್ ಅಂತ ಊರು. ಅಲ್ಲಿ ಕಡಲಿಗೆ ಅಂಟಿಕೊಂಡ ಹಾಗೆ ಸೇಂಟ್ ಬೊನವೆಂಚರ್ ಚರ್ಚ್ ಇದೆ, ಫ್ರಾನ್ಸಿಸ್ಕನ್ ಪಾದ್ರಿಗಳು 1575ರಲ್ಲಿ ಕಟ್ಟಿಸಿದ್ದು. ಬೇರೆ ದಿನ ಹೋದರೆ ಅಲೆಯ ಸದ್ದು ಬಿಟ್ಟರೆ ಹೆಚ್ಚೇನೂ ಕೇಳಿಸಲ್ಲ. ಜನವರಿಯ ಎರಡನೇ ಭಾನುವಾರ ಮಾತ್ರ ಇಡೀ ತೀರ ಜಾತ್ರೆ. ಕ್ರೈಸ್ತರ ಜೊತೆ ಹಿಂದೂ ಕೋಳಿ ಮೀನುಗಾರರೂ ಬರ್ತಾರೆ. ನಮ್ಮೂರ ತೇರು ನೋಡಿದವರಿಗೆ ಈ ಗದ್ದಲ ಏನೂ ಹೊಸದಲ್ಲ.

ಅದೇ ರಸ್ತೆಯ ಕೊನೆಗೆ ಮಢ್ ಕೋಟೆ. ಪೋರ್ಚುಗೀಸರು ಸಮುದ್ರದ ಮೇಲೆ ಕಣ್ಣಿಡಲು ಕಟ್ಟಿದ್ದು. ಈಗ ವಾಯುಪಡೆಯ ಸುಪರ್ದಿಯಲ್ಲಿದೆ, ಹೊರಗಿನಿಂದಲೇ ನೋಡಬೇಕು. ವಾಪಸ್ ಬರುವಾಗ ಮಾರ್ವೆಯಲ್ಲಿ ಇಳಿದು ಮನೋರಿಗೆ ದೋಣಿ ಹತ್ತಿ. ಕೆಲವೇ ನಿಮಿಷದ ದಾರಿ. ಆ ದಡದಲ್ಲಿ ಇಳಿದರೆ ಶಿಲುಬೆ ಕಟ್ಟೆಗಳು, ಹೆಂಚಿನ ಮನೆಗಳು, ಒಣಹಾಕಿದ ಮೀನು. ಮಂಗಳೂರು, ಉಡುಪಿ ಕಡೆಯವರಿಗೆ ಊರಿಗೇ ಬಂದ ಹಾಗೆ ಅನ್ನಿಸಿದರೆ ಆಶ್ಚರ್ಯ ಇಲ್ಲ.

ಸಂಜೆಗೆ ಬೊರಿವಲಿಯ ಮಂಡಪೇಶ್ವರ. ಅದರ ಪಕ್ಕದ ಬಡಾವಣೆಯ ಹೆಸರು ಐಸಿ ಕಾಲೋನಿ. ನಮ್ಮ ತಲೆಗೆ ಮೊದಲು ಬರೋದು ಇಂಟಿಗ್ರೇಟೆಡ್ ಸರ್ಕ್ಯೂಟ್. ಆದರೆ ಅದು ಇಮ್ಯಾಕ್ಯುಲೇಟ್ ಕನ್ಸೆಪ್ಷನ್, ಅಲ್ಲಿನ ಚರ್ಚಿನ ಹೆಸರು. ಮಂಡಪೇಶ್ವರ ಸಾವಿರ ವರ್ಷಕ್ಕೂ ಹಳೆಯ ಶಿವನ ಗುಹಾಲಯ, ಒಳಗೆ ನಟರಾಜನ ದೊಡ್ಡ ಉಬ್ಬುಶಿಲ್ಪ ಇದೆ. ಹದಿನಾರನೇ ಶತಮಾನದಲ್ಲಿ ಫ್ರಾನ್ಸಿಸ್ಕನ್ನರು ಗುಹೆಯನ್ನು ಚರ್ಚ್ ಮಾಡಿಕೊಂಡರು, ಅದರ ನೆತ್ತಿಯ ಮೇಲೆ ಮಠ ಕಟ್ಟಿದರು. ಒಂದು ಹಳೇ ಶಿಲ್ಪದ ಫಲಕವನ್ನೇ ಕೆತ್ತಿ ಶಿಲುಬೆ ಮಾಡಿದ್ದು ಇವತ್ತಿಗೂ ಕಾಣುತ್ತೆ. ಮರಾಠರು ಬಂದ ಮೇಲೆ ಗುಹೆ ಮತ್ತೆ ಶಿವನದಾಯ್ತು, ಮೇಲಿನ ಮಠ ಪಾಳುಬಿತ್ತು. ಪೋರ್ಚುಗೀಸರ ಕಾಲ ಅಂದರೆ ಬರೀ ಚೆಂದದ ಕಮಾನುಗಳಲ್ಲ, ಇದೂ ಅದೇ ಕಾಲ. ಎರಡನ್ನೂ ಒಟ್ಟಿಗೆ ನೋಡಿದರೇನೇ ನೋಡಿದ ಹಾಗೆ.

ಭಾನುವಾರ: ವಸಾಯಿ

ಈಗ ಅಸಲಿ ನಗರಕ್ಕೆ ಹೋಗೋಣ. ಮಲಾಡ್‌ನಲ್ಲಿ ವಿರಾರ್ ಸ್ಲೋ ಹತ್ತಿ, ಇಲ್ಲಾಂದ್ರೆ ಬೊರಿವಲಿಯಲ್ಲಿ ಗಾಡಿ ಬದಲಿಸಿ. ಭಾಯಂದರ್ ಆದ ಮೇಲೆ ಬರುವ ದೊಡ್ಡ ಸೇತುವೆಯಲ್ಲಿ ಕಿಟಕಿ ಪಕ್ಕ ಇರಿ, ಸಾಷ್ಟಿ ದ್ವೀಪ ಅಲ್ಲಿಗೆ ಮುಗಿಯುತ್ತೆ. ವಸಾಯಿ ರೋಡ್‌ನಲ್ಲಿ ಇಳಿದು ಪಶ್ಚಿಮಕ್ಕೆ ಬಂದರೆ ಕೋಟೆಗೆ ಬಸ್ಸು, ಆಟೋ ಸಿಗುತ್ತೆ. ಬೆಳಿಗ್ಗೆ ಬೇಗ ಹೋಗಿ, ಕತ್ತಲಾಗುವ ಮೊದಲು ಹೊರಡಿ. ಒಳಗೆ ಜನ ಇಲ್ಲದ ಮೂಲೆಗಳು ಬಹಳ ಇವೆ.

ಕೋಟೆ ಅಂದ ಕೂಡಲೇ ಚಿತ್ರದುರ್ಗ ನೆನೆಸಿಕೊಳ್ಳಬೇಡಿ. ಇದು ಗೋಡೆಯೊಳಗಿನ ಒಂದು ಊರು, ಸುಮಾರು 110 ಎಕರೆ. 1536ರಲ್ಲಿ ಕೆಲಸ ಶುರುವಾಯ್ತು. ಗೋವಾದ ಕೆಳಗೆ ಇದ್ದ ಉತ್ತರ ಪ್ರಾಂತ್ಯಕ್ಕೆ ಇದೇ ರಾಜಧಾನಿ. ನೆಲದ ಕಡೆ ಒಂದು ಬಾಗಿಲು, ಕಡಲಿನ ಕಡೆ ಒಂದು. ನಡುವೆ ಬೀದಿಗಳು, ಆಡಳಿತದ ಕಟ್ಟಡಗಳು, ಫ್ರಾನ್ಸಿಸ್ಕನ್, ಜೆಸ್ಯುಯಿಟ್, ಡೊಮಿನಿಕನ್ ಹೀಗೆ ಒಂದೊಂದು ಪಂಥಕ್ಕೂ ಒಂದೊಂದು ಚರ್ಚು.

ಮೂರು ಕಡೆ ನಿಲ್ಲಿ ಸಾಕು. ಒಂದು, ಸೇಂಟ್ ಜೋಸೆಫ್ ಚರ್ಚಿನ ಗೋಪುರ. 1601ರಲ್ಲಿ ಅದನ್ನು ಮತ್ತೆ ಕಟ್ಟಿಸಿದ ಶಾಸನ ಇದೆ. ಎರಡು, ಫ್ರಾನ್ಸಿಸ್ಕನ್ ಚರ್ಚಿನ ನೆಲ. ಸೂರಿಲ್ಲ, ಗೋಡೆಯಲ್ಲೆಲ್ಲ ಬೇರು, ಆದರೆ ಕಾಲ ಕೆಳಗೆ ಪೋರ್ಚುಗೀಸ್ ಅಕ್ಷರದ ಸಮಾಧಿ ಕಲ್ಲುಗಳು ಸಾಲಾಗಿವೆ. ಮನೆ ಬಿಟ್ಟು ಬಹಳ ದೂರ ಬಂದು ಇಲ್ಲೇ ಮಣ್ಣಾದವರ ಹೆಸರುಗಳು. ಮೂರು, ಗೊನ್ಸಾಲೊ ಗಾರ್ಸಿಯಾ ಚರ್ಚು. ಈತ ವಸಾಯಿಯಲ್ಲೇ ಹುಟ್ಟಿದವ, ಅಪ್ಪ ಪೋರ್ಚುಗೀಸ್, ಅಮ್ಮ ಈ ನೆಲದವಳು. ಜಪಾನಿಗೆ ಹೋಗಿ, ಅಲ್ಲಿ 1597ರಲ್ಲಿ ನಾಗಸಾಕಿಯಲ್ಲಿ ಶಿಲುಬೆಗೇರಿದ 26 ಜನರಲ್ಲಿ ಒಬ್ಬನಾದ. 1862ರಲ್ಲಿ ರೋಮ್ ಅವನನ್ನು ಸಂತ ಅಂತ ಘೋಷಿಸಿತು. ಭಾರತದಲ್ಲಿ ಹುಟ್ಟಿ ಸಂತನಾದ ಮೊದಲಿಗ ಈತ.

ಹಸಿವಾದರೆ ವಸಾಯಿಯ ಸುಕೇಳಿ ಹುಡುಕಿ. ರಾಜೇಳಿ ಬಾಳೆಹಣ್ಣನ್ನು ಬಿಸಿಲಲ್ಲಿ ಒಣಗಿಸಿ ಮಾಡೋದು, ಬೆಲ್ಲದ ಹಾಗೆ ಸಿಹಿ. ಇಲ್ಲಾಂದ್ರೆ ಇದ್ದೇ ಇದೆ ವಡಾಪಾವ್. ಅದರ ಆಲೂಗಡ್ಡೆ, ಮೆಣಸಿನಕಾಯಿ, ಪಾವ್ ಮೂರೂ ಪೋರ್ಚುಗೀಸರು ತಂದದ್ದು. ಮಹಾರಾಷ್ಟ್ರದ ಈ ಅಪ್ಪಟ ತಿಂಡಿ ಕೈಯಲ್ಲಿ ಹಿಡಿದಾಗ ಅರ್ಧ ಇತಿಹಾಸ ಕೈಯಲ್ಲೇ ಇರುತ್ತೆ. ನಮ್ಮ ಕನ್ನಡವೂ ಹೊರತಲ್ಲ. ಚಾವಿ, ಬಾಲ್ದಿ, ಅಲಮಾರು, ಅನಾನಸು, ಪಾದ್ರಿ, ಕೊನೆಗೆ ತಿಂಗಳ ಕೊನೆಗೆ ನಾವೆಲ್ಲ ಕಾಯುವ ಪಗಾರ ಕೂಡ ಆ ಭಾಷೆಯಿಂದ ಬಂದದ್ದೇ.

ಊರು ಯಾಕೆ ಸತ್ತಿತು?

ಇಲ್ಲಿ ಒಂದು ಹೋಲಿಕೆ ಬೇಕು. ಪೋರ್ಚುಗೀಸರಿಗೆ ನಮ್ಮ ಕರಾವಳಿಯಲ್ಲೂ ಕೋಟೆಗಳಿದ್ದವು: ಹೊನ್ನಾವರ, ಬಸರೂರು, ಮಂಗಳೂರು. ಗೋವಾದ ಹೊಟ್ಟೆ ತುಂಬಿಸುತ್ತಿದ್ದದ್ದು ನಮ್ಮ ಕಡೆಯ ಅಕ್ಕಿ. ಕೆಳದಿಯ ಶಿವಪ್ಪ ನಾಯಕ 1650ರ ದಶಕದ ಮೊದಲ ವರ್ಷಗಳಲ್ಲೇ ಆ ಕೋಟೆಗಳನ್ನು ಕಿತ್ತುಕೊಂಡ. ಮರಾಠರು ವಸಾಯಿ ಗೆಲ್ಲೋಕೆ ಇನ್ನೂ ಎಂಬತ್ತೈದು ವರ್ಷ ಬೇಕಾಯ್ತು. ಉಳ್ಳಾಲದ ಅಬ್ಬಕ್ಕನ ಹೆಸರು ಹೇಳುವ ನಾವು ಶಿವಪ್ಪ ನಾಯಕನ ಈ ಕೆಲಸವನ್ನು ಅಷ್ಟಾಗಿ ಹೇಳೋದಿಲ್ಲ.

ವ್ಯತ್ಯಾಸ ಇಷ್ಟೇ. ನಮ್ಮ ಕಡೆ ಅವರಿಗೆ ಇದ್ದದ್ದು ವ್ಯಾಪಾರದ ಕಾವಲು ಕೋಟೆಗಳು. ಇಲ್ಲಿ ಅವರಿಗೆ ಜಮೀನಿತ್ತು. ಹಳ್ಳಿಗಳನ್ನೇ ಪೋರ್ಚುಗೀಸ್ ಕುಟುಂಬಗಳಿಗೆ ಗೇಣಿಯ ಲೆಕ್ಕದಲ್ಲಿ ಹಂಚಿದ್ದರು. ಔಷಧಿ ಸಸ್ಯಗಳ ಬಗ್ಗೆ 1563ರಲ್ಲಿ ಗೋವಾದಲ್ಲಿ ಪುಸ್ತಕ ಅಚ್ಚು ಹಾಕಿಸಿದ ವೈದ್ಯ ಗಾರ್ಸಿಯಾ ದ ಓರ್ತಾಗೆ ಇಡೀ ಬೊಂಬಾಯಿ ದ್ವೀಪವೇ ಗೇಣಿಗೆ ಸಿಕ್ಕಿತ್ತು. ಹಳ್ಳಿಯ ಗೇಣಿ ಬಂದು ಸೇರುತ್ತಿದ್ದದ್ದು ವಸಾಯಿಯ ಮನೆಗಳಿಗೆ. ಅದಕ್ಕೇ ಇದು ಕೋಟೆಯಾಗಿ ಉಳಿಯದೆ ನಗರವಾಯ್ತು. ಹಳ್ಳಿ ಕೈತಪ್ಪಿದ ದಿನ ನಗರವೂ ನಿಲ್ಲಲಿಲ್ಲ.

ಆ ದಿನ ಬಂದದ್ದು 1739ರ ಮೇನಲ್ಲಿ. ಬಾಜಿರಾಯನ ತಮ್ಮ ಚಿಮಾಜಿ ಅಪ್ಪಾ ಸಾಷ್ಟಿಯನ್ನು ಮೊದಲೇ ಹಿಡಿದಿದ್ದ. ಕೊನೆಗೆ ಸುರಂಗ ತೋಡಿ, ಮದ್ದು ತುಂಬಿ ಗೋಡೆ ಸ್ಫೋಟಿಸಿದರು. ಎರಡೂ ಕಡೆ ಬಹಳ ಜನ ಸತ್ತರು. ಪೋರ್ಚುಗೀಸರು ಶರಣಾದ ಮೇಲೆ ಸಂಸಾರ ಸಮೇತ ಮರ್ಯಾದೆಯಿಂದ ಹೊರಡಲು ಅವಕಾಶ ಸಿಕ್ತು. ಚರ್ಚಿನ ಗಂಟೆಗಳು ಮರಾಠರ ಜೊತೆ ಘಟ್ಟ ಹತ್ತಿದವು. ನಾಸಿಕದ ನಾರೋಶಂಕರ, ವಾಯಿ ಹತ್ತಿರದ ಮೇಣವಲಿ, ಭೀಮಾಶಂಕರ ದೇವಸ್ಥಾನಗಳಲ್ಲಿ ಇವತ್ತಿಗೂ ತೂಗುವ ಪೋರ್ಚುಗೀಸ್ ಗಂಟೆಗಳು ಆ ಗೆಲುವಿನವು ಅಂತಲೇ ಪ್ರಸಿದ್ಧ. ಚರ್ಚಿಗೆ ಎರಕ ಹೊಯ್ದದ್ದು ಶಿವನ ಗುಡಿಯಲ್ಲಿ ಮೊಳಗ್ತಾ ಇದೆ.

ಇದೇ ವಸಾಯಿಯಲ್ಲಿ 1802ರ ಕೊನೆಯ ದಿನ ಎರಡನೇ ಬಾಜಿರಾಯ ಇಂಗ್ಲಿಷರ ಜೊತೆ ಒಪ್ಪಂದಕ್ಕೆ ಸಹಿ ಹಾಕಿದ. ಪೇಶ್ವೆಗಳ ಸ್ವಾತಂತ್ರ್ಯ ಅಲ್ಲಿಗೆ ಮುಗೀತು. ಅಷ್ಟು ಹೊತ್ತಿಗೆ ಹಡಗು, ದುಡ್ಡು, ಜನ ಎಲ್ಲ ದಕ್ಷಿಣದ ಬೊಂಬಾಯಿಗೆ ಹೋಗಿಯಾಗಿತ್ತು.

ಉಳಿದವರು ಯಾರು, ಬಂದವರು ಯಾರು

ಕಲ್ಲು ಬಿದ್ದು ಹೋಯ್ತು, ಆದರೆ ಜನ ಹೋಗಲಿಲ್ಲ. ಹೊರಟದ್ದು ಆಳಿದವರು. ಮತ ಬದಲಿಸಿದ್ದ ಇಲ್ಲಿನ ರೈತರು, ಮೀನುಗಾರರು ಇಲ್ಲೇ ಉಳಿದರು. ವಸಾಯಿಯ ಫಾದರ್ ಫ್ರಾನ್ಸಿಸ್ ದಿಬ್ರಿಟೊ ಬೈಬಲನ್ನು ಮರಾಠಿಗೆ ತಂದರು, 2020ರ ಅಖಿಲ ಭಾರತೀಯ ಮರಾಠಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಆದರು. ನಮ್ಮ ನಿಘಂಟು ಬರೆದ ಕಿಟೆಲ್ ಹೊರಗಿನಿಂದ ಬಂದು ಕನ್ನಡದವರಾದರು. ಇವರು ಹುಟ್ಟಿನಿಂದಲೇ ಮರಾಠಿಯವರು.

ಮಲಾಡ್‌ನ ಓರ್ಲೆಮ್, ಖರೋಡಿ, ಮನೋರಿ ಕಡೆಯ ಹಳೇ ಕ್ರೈಸ್ತ ಮನೆಗಳವರು ತಮ್ಮನ್ನು ಈಸ್ಟ್ ಇಂಡಿಯನ್ ಅಂತ ಕರೆದುಕೊಳ್ತಾರೆ. ಪಶ್ಚಿಮ ಕರಾವಳಿಯಲ್ಲಿ ಈಸ್ಟ್ ಎಲ್ಲಿಂದ ಬಂತು? ಇದರಲ್ಲಿ ನಮ್ಮವರದೂ ಪಾತ್ರ ಇದೆ. ಹತ್ತೊಂಬತ್ತನೇ ಶತಮಾನದಲ್ಲಿ ಕೆಲಸ ಹುಡುಕಿ ಗೋವಾದಿಂದ, ಮಂಗಳೂರಿನಿಂದ ಕ್ರೈಸ್ತರು ಬೊಂಬಾಯಿಗೆ ಬಂದಿಳಿದರು. ಹೆಸರುಗಳೆಲ್ಲ ಒಂದೇ ಥರ: ಡಿಸೋಜಾ, ಪಿರೇರಾ, ಫರ್ನಾಂಡಿಸ್. ಕಂಪನಿಗಳು, ರೈಲ್ವೆ ಇವರಲ್ಲಿ ಇಲ್ಲಿಯವರು ಯಾರು ಅಂತ ಹೇಗೆ ಗುರುತು ಹಿಡೀಬೇಕು? 1887ರಲ್ಲಿ, ವಿಕ್ಟೋರಿಯಾ ರಾಣಿಯ ಸುವರ್ಣ ಮಹೋತ್ಸವದ ವರ್ಷ, ಇಲ್ಲಿಯವರು ಈಸ್ಟ್ ಇಂಡಿಯಾ ಕಂಪನಿಯ ಹೆಸರನ್ನೇ ತಮಗೆ ಇಟ್ಟುಕೊಂಡು ಸಂಘ ಕಟ್ಟಿದರು. ಆ ಹೊತ್ತಿಗೆ ಕಂಪನಿಯೇ ಮುಚ್ಚಿಹೋಗಿತ್ತು!

ನೆಲದವರು ತಾವು ನೆಲದವರು ಅಂತ ತೋರಿಸೋಕೆ ಪರದೇಶದ ಕಂಪನಿಯ ಹೆಸರು ಹಿಡಿಯಬೇಕಾಯ್ತು. ಕಾರಣ, ಕೆಲಸಕ್ಕೆ ಬಂದ ನಮ್ಮಂಥ ವಲಸಿಗರು. ಬೆಂಗಳೂರಿನಲ್ಲಿ ಹೊರಗಿನವರು ಅಂತ ಮಾತಾಡುವಾಗ ನಾವು ಒಂದು ಕಡೆ ನಿಂತಿರ್ತೀವಿ. ಮಲಾಡ್‌ನಲ್ಲಿ ಇನ್ನೊಂದು ಕಡೆ. ಬೆಂಗಳೂರಿಗೆ ಬಂದವರು ಕನ್ನಡ ಕಲೀಲಿ, ಊರನ್ನು ತಿಳಿಯಲಿ ಅಂತ ನಾವು ಬಯಸೋದು ನ್ಯಾಯವೇ. ಹಾಗಾದರೆ ಐದು ವರ್ಷ ಓರ್ಲೆಮ್‌ನಲ್ಲಿ ಬಾಡಿಗೆಗೆ ಇದ್ದು ಪಕ್ಕದ ಗಾವ್‌ಠಾಣದೊಳಗೆ ಒಮ್ಮೆಯೂ ಕಾಲಿಡದಿದ್ದರೆ ಅದಕ್ಕೆ ಏನಂತೀರಿ? ಆ ಹೆಂಚಿನ ಮನೆಗಳು ಒಂದೊಂದಾಗಿ ಟವರ್ ಆಗ್ತಿವೆ, ಮತ್ತು ಆ ಟವರ್‌ಗಳಿಗೆ ಬಾಡಿಗೆದಾರರು ನಾವೇ.

ಲಿಸ್ಬನ್‌ಗೆ ಹೋಗಬೇಡಿ ಅಂತ ಖಂಡಿತ ಹೇಳ್ತಿಲ್ಲ, ಹೋಗಿ ಬನ್ನಿ. ಅದಕ್ಕೂ ಮೊದಲು ಒಂದು ಭಾನುವಾರ ವಸಾಯಿ ನೋಡಿ, ಮಕ್ಕಳಿದ್ದರೆ ಅವರನ್ನೂ ಕರ್ಕೊಂಡು ಹೋಗಿ. ಗೋಡೆಯ ಮೇಲೆ ಹೆಸರು ಕೆತ್ತಬೇಡಿ, ಇರುವ ಹೆಸರುಗಳನ್ನು ಓದಿ. ಪಕ್ಕದ ಮನೆ ಆಂಟಿಯ ಹತ್ತಿರ ಬಾಟಲ್ ಮಸಾಲೆಯಲ್ಲಿ ಏನೇನು ಹಾಕ್ತಾರೆ ಅಂತ ಕೇಳಿ. ಬೇಸಿಗೆಯಲ್ಲಿ ಕುಟ್ಟಿ, ವರ್ಷಕ್ಕಾಗುವಷ್ಟು ಕಪ್ಪು ಬಾಟಲಿಗಳಲ್ಲಿ ತುಂಬಿಡುವ ಪುಡಿ ಅದು. ಒಂದೊಂದು ಮನೆಗೆ ಒಂದೊಂದು ಲೆಕ್ಕ ಇರುತ್ತೆ. ನಮ್ಮನೆ ಸಾರಿನ ಪುಡಿ ಥರ.

ಮುಂದಿನ ಮಾತಿನಲ್ಲಿ ಬೊರಿವಲಿಯ ಇನ್ನೊಂದು ಪಕ್ಕ ಹೋಗೋಣ. ಕಾನ್ಹೇರಿ ಗುಹೆಯ ಶಾಸನಗಳಲ್ಲಿ ನಮ್ಮ ಅಮೋಘವರ್ಷ ನೃಪತುಂಗನ ಹೆಸರಿದೆ. ಅಲ್ಲಿ ನಾವು ಯಾವ ಕಡೆಯವರು ಅಂತ ಆಗ ನೋಡೋಣ.