ಕೊಲೆಗೂ ನೇಣಿಗೂ ನಡುವಿನ ಕಾಲ: ಠಾಣೆಯಿಂದ ಹಿಂಡಲಗಾವರೆಗೆ

1909ರ ಡಿಸೆಂಬರ್ 21ರ ರಾತ್ರಿ ನಾಸಿಕದ ವಿಜಯಾನಂದ ನಾಟಕಗೃಹದಲ್ಲಿ 'ಸಂಗೀತ ಶಾರದಾ' ಪ್ರಯೋಗವಿತ್ತು. ವರ್ಗವಾಗಿ ಹೊರಟಿದ್ದ ಕಲೆಕ್ಟರ್ ಜಾಕ್ಸನ್ ನಾಟಕ ನೋಡಲು ಬಂದಿದ್ದ. ಔರಂಗಾಬಾದಿನಲ್ಲಿ ಓದುತ್ತಿದ್ದ ಹದಿಹರೆಯದ ಅನಂತ ಲಕ್ಷ್ಮಣ ಕಾನ್ಹೇರೆ ಬ್ರೌನಿಂಗ್ ಪಿಸ್ತೂಲಿನಿಂದ ಅವನನ್ನು ಹೊಡೆದುರುಳಿಸಿದ. ಕ್ರಾಂತಿಕಾರಿ ಬಾಬಾರಾವ್ ಸಾವರ್ಕರರಿಗೆ ವಿಧಿಸಿದ ಕರಿನೀರಿನ ಶಿಕ್ಷೆಯ ಸೇಡು ಇದರ ಹಿಂದಿತ್ತು. ವಿಚಾರಣೆ ಬಾಂಬೆ ಹೈಕೋರ್ಟಿನಲ್ಲಿ ನಡೆಯಿತು. 1910ರ ಏಪ್ರಿಲ್ 19ರಂದು ಕಾನ್ಹೇರೆ, ಸಂಚಿನಲ್ಲಿ ಜೊತೆಗಿದ್ದ ಕೃಷ್ಣಾಜಿ ಗೋಪಾಳ ಕರ್ವೆ, ವಿನಾಯಕ ನಾರಾಯಣ ದೇಶಪಾಂಡೆ ಮೂವರನ್ನೂ ಠಾಣೆಯ ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. ಕೊಲೆ ನಡೆದು ಆಗ ನಾಲ್ಕು ತಿಂಗಳೂ ತುಂಬಿರಲಿಲ್ಲ.

ಇಂಥ ಅವಸರದಲ್ಲಿ ತೀರ್ಪನ್ನು ಮತ್ತೊಮ್ಮೆ ಅಳೆದು ನೋಡಲು ಎಡೆಯೆಲ್ಲಿ? ಸ್ವಾತಂತ್ರ್ಯಾನಂತರದ ಕಾನೂನು ಆ ಎಡೆಯನ್ನು ಮೆಲ್ಲಗೆ ಅಗಲಿಸಿತು. 1973ರ ದಂಡ ಪ್ರಕ್ರಿಯಾ ಸಂಹಿತೆ ಗಲ್ಲು ವಿಧಿಸುವುದಕ್ಕೆ ವಿಶೇಷ ಕಾರಣಗಳನ್ನು ಕೇಳಿತು. 1980ರ ಬಚ್ಚನ್ ಸಿಂಗ್ ತೀರ್ಪು ಅದನ್ನು ಅಪರೂಪದಲ್ಲಿ ಅಪರೂಪದ ಪ್ರಕರಣಗಳಿಗೆ ಸೀಮಿತಗೊಳಿಸಿತು. ಬೆಂಗಳೂರಿನ ಶ್ರದ್ಧಾನಂದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2008ರಲ್ಲಿ ಇನ್ನೊಂದು ದಾರಿ ತೆರೆಯಿತು: ಗಲ್ಲಿನ ಬದಲು, ಶಿಕ್ಷೆ ಕಡಿತದ ಬಿಡುಗಡೆಯಿಲ್ಲದ ಆಜೀವ ಸೆರೆ.

ಆದರೆ ಕಾಲಾವಕಾಶ ಹೆಚ್ಚಿದಂತೆ ಕಾಯುವುದೇ ಇನ್ನೊಂದು ಶಿಕ್ಷೆಯಾಯಿತು. ಬೆಳಗಾವಿಯ ಹಿಂಡಲಗಾ ಜೈಲಿನ ಇತಿಹಾಸದಲ್ಲಿ ಇದು ಎದ್ದು ಕಾಣುತ್ತದೆ. 1993ರ ಪಾಲಾರ್ ಸ್ಫೋಟದ ಪ್ರಕರಣದಲ್ಲಿ ವೀರಪ್ಪನ್‌ನ ನಾಲ್ವರು ಸಹಚರರಿಗೆ 2004ರಲ್ಲಿ ಗಲ್ಲು ವಿಧಿಸಲಾಯಿತು. ಅಲ್ಲಿ ಸೆರೆಯಲ್ಲಿದ್ದ ಅವರ ಕ್ಷಮಾದಾನದ ಅರ್ಜಿ ತಿರಸ್ಕೃತವಾದದ್ದು 2013ರಲ್ಲಿ. ಈ ವಿಳಂಬವನ್ನೇ ಕಾರಣವಾಗಿಸಿ 2014ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು.

ಉಮೇಶ್ ರೆಡ್ಡಿಯ ಪ್ರಕರಣ ಇದಕ್ಕಿಂತ ಕಠಿಣವಾದದ್ದು. 1998ರಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ನಡೆದ ಅತ್ಯಾಚಾರ ಮತ್ತು ಕೊಲೆಗಾಗಿ 2006ರಲ್ಲಿ ಅವನಿಗೆ ಗಲ್ಲು ಶಿಕ್ಷೆಯಾಯಿತು. ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಲ್ಲಿ ಶಿಕ್ಷೆಯ ಬಗ್ಗೆ ಭಿನ್ನಮತ ಬಂದು, ಮೂರನೆಯವರು 2009ರಲ್ಲಿ ಗಲ್ಲನ್ನು ಎತ್ತಿಹಿಡಿದರು. 2011ರಲ್ಲಿ ಸುಪ್ರೀಂ ಕೋರ್ಟೂ ಒಪ್ಪಿತು. ಈ ನಡುವೆ ಕೈದಿಯನ್ನು ಹಿಂಡಲಗಾದಲ್ಲಿ ಸುಮಾರು ಹತ್ತು ವರ್ಷ ಒಂಟಿಯಾಗಿ ಇಡಲಾಗಿತ್ತು. ಮೇಲ್ಮನವಿ, ಕ್ಷಮಾದಾನದ ಅರ್ಜಿಗಳು ಇತ್ಯರ್ಥವಾಗುವ ಮುನ್ನ ಹಾಗೆ ಇಡಕೂಡದೆಂದು 1978ರ ಸುನಿಲ್ ಬಾತ್ರಾ ತೀರ್ಪು ಆಗಲೇ ಹೇಳಿತ್ತು. ಇದೇ ಕಾರಣಕ್ಕೆ 2022ರ ನವೆಂಬರ್ 4ರಂದು ಸುಪ್ರೀಂ ಕೋರ್ಟಿನಲ್ಲಿ ಗಲ್ಲು ರದ್ದಾಗಿ, ಕನಿಷ್ಠ 30 ವರ್ಷದ ಸೆರೆ ನಿಗದಿಯಾಯಿತು. ಅಪರಾಧದ ಹೇಯತೆಯಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಹಾಗಿದ್ದರೂ ಕಾನೂನು ಹೇಳದ ಶಿಕ್ಷೆಯನ್ನು ಜೈಲು ತಾನಾಗಿ ಕೊಟ್ಟದ್ದು ಅಕ್ರಮವೇ. ಮಡಿದ ಹೆಂಗಸಿನ ಮನೆಯವರು ಅಂತಿಮ ತೀರ್ಪಿಗಾಗಿ 24 ವರ್ಷ ಕಾದರಲ್ಲ, ಆ ನೋವು ಯಾವ ಕಾನೂನು ಸಂಪುಟದಲ್ಲೂ ದಾಖಲಾಗುವುದಿಲ್ಲ.

ನವಿ ಮುಂಬಯಿಯ ಕಾಮೋಠೆಯಲ್ಲಿರುವ ನಮಗೆ ತೀರ ಹತ್ತಿರದ್ದು ಪನ್ವೇಲ್ ಸೆಷನ್ಸ್ ನ್ಯಾಯಾಲಯದ ತೀರ್ಪು. 2016ರ ಏಪ್ರಿಲ್‌ನಲ್ಲಿ ಕಾಣೆಯಾದ ಮಹಿಳಾ ಸಹಾಯಕ ಪೊಲೀಸ್ ಇನ್ಸ್‌ಪೆಕ್ಟರ್ ಒಬ್ಬರ ಶವ ಸಿಗಲೇ ಇಲ್ಲ. ಕೊಲೆ ಮಾಡಿದ್ದು ಇಲಾಖೆಯದೇ ಹಿರಿಯ ಅಧಿಕಾರಿ ಎಂದು ಸಾಬೀತಾಗಿ, 2025ರ ಏಪ್ರಿಲ್‌ನಲ್ಲಿ ನ್ಯಾಯಾಲಯ ವಿಧಿಸಿದ್ದು ಜೀವಾವಧಿ ಸೆರೆ. ಶವವಿಲ್ಲದೆ ಸಾಂದರ್ಭಿಕ ಸಾಕ್ಷ್ಯದ ಬಲದಲ್ಲೇ ಅಪರಾಧ ಸಿದ್ಧವಾದಾಗ, ಮುಂದೆ ತಿದ್ದಲು ಎಡೆಯಿರುವ ಶಿಕ್ಷೆಯನ್ನು ಆರಿಸಿದ್ದು ಸರಿಯೆಂದೇ ನನ್ನ ಅಭಿಪ್ರಾಯ.