ಪೆಟ್ರೋಲ್ ದುಬಾರಿ: ಘಾಟ್ ಇಳಿಯುವಾಗ ನ್ಯೂಟ್ರಲ್‌ಗೆ ಹಾಕ್ತೀರಾ?

2021ರ ಮೇ ಕೊನೆಯಲ್ಲಿ ಮುಂಬೈನಲ್ಲಿ ಲೀಟರ್ ಪೆಟ್ರೋಲ್ 100 ರೂಪಾಯಿ ದಾಟಿದಾಗ ದೊಡ್ಡ ಸುದ್ದಿಯಾಗಿತ್ತು. ಈಗ ಮೂರಂಕಿ ನೋಡಿ ಯಾರೂ ಹುಬ್ಬೇರಿಸುವುದಿಲ್ಲ. ಪೆಟ್ರೋಲ್, ಡೀಸೆಲ್ ಜಿಎಸ್‌ಟಿ ವ್ಯಾಪ್ತಿಯಲ್ಲಿಲ್ಲ. ಕೇಂದ್ರದ ಅಬಕಾರಿ ಸುಂಕದ ಜೊತೆ ಆಯಾ ರಾಜ್ಯದ ವ್ಯಾಟ್ ಸೇರುವುದರಿಂದ ದೆಹಲಿ, ಮುಂಬೈ, ಹೈದರಾಬಾದ್‌ನಲ್ಲಿ ದರ ಬೇರೆ ಬೇರೆ. ದರವಂತೂ ನಮ್ಮ ಕೈಯಲ್ಲಿಲ್ಲ, ಓಡಿಸುವ ರೀತಿ ಇದೆ.

ಪುಣೆಯಿಂದ ಮುಂಬೈಗೆ ಹೋಗುವಾಗ ಖಂಡಾಲಾ ಘಾಟ್ ಬಂತೆಂದರೆ ಕೆಲವರು ಕಾರನ್ನು ನ್ಯೂಟ್ರಲ್‌ಗೆ ಹಾಕಿಬಿಡುತ್ತಾರೆ. ಪೆಟ್ರೋಲ್ ಉಳಿಯಿತು ಎಂಬ ಲೆಕ್ಕ. ಅದು ಕಾರ್ಬೊರೇಟರ್ ಕಾಲದ ಲೆಕ್ಕ. ಇಂದಿನ ಫ್ಯೂಯಲ್ ಇಂಜೆಕ್ಷನ್ ಕಾರು ಗೇರ್‌ನಲ್ಲಿದ್ದಾಗ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಚಕ್ರಗಳೇ ಎಂಜಿನ್ ತಿರುಗಿಸುತ್ತವೆ, ಇಂಧನ ಪೂರೈಕೆ ಬಹುತೇಕ ನಿಂತೇಹೋಗುತ್ತದೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಆಫ್ ಆಗದಿರಲು ಪೆಟ್ರೋಲ್ ಸುಡುತ್ತಲೇ ಇರಬೇಕು. ಮೇಲಾಗಿ ಎಂಜಿನ್ ಬ್ರೇಕಿಂಗ್ ಇಲ್ಲದೆ ಭಾರವೆಲ್ಲ ಬ್ರೇಕ್ ಮೇಲೆ. ಇಳಿಜಾರಿನಲ್ಲಿ ಬ್ರೇಕ್ ಕಾದು ಹಿಡಿತ ತಪ್ಪಿದರೆ ಉಳಿತಾಯದ ಮಾತೇ ಬೇಡ. ಕಡಿಮೆ ಗೇರ್‌ನಲ್ಲೇ ಇಳಿಯಿರಿ.

ಘಾಟ್ ಮುಗಿದ ಮೇಲೆ ಪೆಟ್ರೋಲ್ ನುಂಗುವುದು ವೇಗ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: ಗಂಟೆಗೆ 80 ಕಿ.ಮೀ.ನಿಂದ 100ಕ್ಕೆ ಹೋದರೆ ವೇಗ ಹೆಚ್ಚುವುದು ಕಾಲು ಭಾಗ, ತಡೆ ಒಂದೂವರೆ ಪಟ್ಟಿಗೂ ಜಾಸ್ತಿ.

ನಗರದೊಳಗೆ ಉದ್ದದ ಸಿಗ್ನಲ್‌ನಲ್ಲಿ ಎಂಜಿನ್ ಆಫ್ ಮಾಡಿ, ಕ್ಲಚ್ ಮೇಲೆ ಕಾಲಿಟ್ಟೇ ಓಡಿಸಬೇಡಿ. ಟೈರ್‌ಗೆ ಎಷ್ಟು ಗಾಳಿ ಬೇಕೆಂದು ಸಾಮಾನ್ಯವಾಗಿ ಚಾಲಕನ ಬಾಗಿಲ ಬಳಿಯ ಸ್ಟಿಕ್ಕರ್‌ನಲ್ಲೇ ಬರೆದಿರುತ್ತದೆ. ಟೈರ್ ತಣ್ಣಗಿರುವಾಗ, ಅಂದರೆ ಬೆಳಗ್ಗೆ ಹೊರಟ ಕೂಡಲೇ ಹತ್ತಿರದ ಬಂಕ್‌ನಲ್ಲಿ ಪರೀಕ್ಷಿಸಿಕೊಳ್ಳಿ.