ಹಳೆಯ ಮಾರುತಿ 800ಗೆ ದೊಡ್ಡ ಇಂಜಿನ್ ಹಾಕಿಸಿದರೆ ಮೈಲೇಜ್ ಹೆಚ್ಚುತ್ತದೆಯೇ? ನಿಜ ಏನು, ಸುಳ್ಳು ಏನು?

“ಹಳೇ 800 ಕಾರು ಗುಜರಿಗೆ ಹಾಕಬೇಡಿ. ಕೆ10 ಇಂಜಿನ್ ಕೂರಿಸಿ, ಮೈಲೇಜ್ ಡಬಲ್ ಆಗುತ್ತೆ. ಆರ್‌ಟಿಒ ಕಡೆ ಹೋಗೋದೇ ಬೇಡ. ಎಲ್ಲರಿಗೂ ಶೇರ್ ಮಾಡಿ.” ಇಂಥದೊಂದು ಸಂದೇಶ ನಿಮ್ಮ ಮನೆಯವರ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಇದನ್ನು ನಂಬಿ ದುಡ್ಡು ಸುರಿಯುವ ಮೊದಲು ಎರಡು ನಿಮಿಷ ಓದಿ. ಇಲ್ಲಿ ಹೋಗುವುದು ಹಣ ಮಾತ್ರವಲ್ಲ, ಕಾರಿನ ಆರ್‌ಸಿ ಮತ್ತು ವಿಮೆ ಕೂಡ ತೊಂದರೆಗೆ ಸಿಕ್ಕಿಕೊಳ್ಳಬಹುದು.

ಮಾರುತಿ 800 ರಸ್ತೆಗಿಳಿದದ್ದು 1983ರಲ್ಲಿ. ಅದರ ತಯಾರಿಕೆ ನಿಂತದ್ದು 2014ರಲ್ಲಿ. 796 ಸಿಸಿಯ ಮೂರು ಸಿಲಿಂಡರಿನ ಪುಟ್ಟ ಇಂಜಿನ್, ಹಗುರವಾದ ಮೈ: ಒಳ್ಳೆಯ ಮೈಲೇಜಿನ ಗುಟ್ಟು ಇಷ್ಟೇ. ಇಂದಿಗೂ ಹಲವು ಮನೆಗಳಲ್ಲಿ ಈ ಕಾರು ಓಡುತ್ತಿದೆ. ಇಂಜಿನ್ ಸೋತಾಗ ಏನು ಮಾಡಬೇಕು ಎಂಬ ಪ್ರಶ್ನೆಯೂ ಸಹಜ.

ನಂಬಿಕೆ 1: ಮೈಲೇಜ್ ಬಿತ್ತು ಎಂದರೆ ಇಂಜಿನ್ ಹೋಯಿತು

ಹಾಗೇನಿಲ್ಲ. ಟೈರಿನಲ್ಲಿ ಗಾಳಿ ಕಡಿಮೆ, ಚಕ್ರಕ್ಕೆ ಅಂಟಿಕೊಂಡ ಬ್ರೇಕ್, ಕಟ್ಟಿಕೊಂಡ ಏರ್ ಫಿಲ್ಟರ್, ಟ್ಯೂನಿಂಗ್ ತಪ್ಪಿದ ಕಾರ್ಬುರೇಟರ್, ತೆರೆದೇ ಉಳಿದ ಥರ್ಮೋಸ್ಟಾಟ್, ಎಂಪಿಎಫ್‌ಐ ಕಾರಾದರೆ ಕೆಟ್ಟ ಆಕ್ಸಿಜನ್ ಸೆನ್ಸರ್, ಇವೆಲ್ಲ ಪೆಟ್ರೋಲ್ ಕುಡಿಸುತ್ತವೆ. ಎಥೆನಾಲ್ ಬೆರೆಸಿದ ಪೆಟ್ರೋಲ್ ಕೂಡ ಒಂದು ಕಾರಣ. ಲೀಟರ್ ಲೆಕ್ಕದಲ್ಲಿ ಎಥೆನಾಲಿನ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಇಂಜಿನ್ ಬದಲಿಸಿದರೂ ಆ ನಷ್ಟ ಹಿಂತಿರುಗುವುದಿಲ್ಲ.

ಹೊಗೆಯ ಬಣ್ಣ ನೋಡಿ. ಕಪ್ಪು ಹೊಗೆ ಎಂದರೆ ಪೆಟ್ರೋಲ್ ಹೆಚ್ಚು ಹೋಗುತ್ತಿದೆ. ಇದು ಟ್ಯೂನಿಂಗ್ ಸಮಸ್ಯೆ. ಇಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ಬರುತ್ತಿದ್ದು, ರೇಡಿಯೇಟರ್ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ನೀಲಿ ಹೊಗೆ ಬಂದು ನಿಂತರೆ ಬಹುತೇಕ ವಾಲ್ವ್ ಸೀಲ್ ಕೆಲಸದಲ್ಲೇ ಮುಗಿಯುತ್ತದೆ. ಓಡುವಾಗಲೂ ಬಂದರೆ ಪಿಸ್ಟನ್ ರಿಂಗ್ ಅಥವಾ ಬೋರ್ ಸವೆದಿರಬಹುದು.

ಅನುಮಾನ ಬಗೆಹರಿಸಲು ಕಂಪ್ರೆಷನ್ ಟೆಸ್ಟ್ ಮಾಡಿಸಿ. ಮೂರೂ ಸಿಲಿಂಡರಿನ ಒತ್ತಡ ಹತ್ತಿರ ಹತ್ತಿರ ಇರಬೇಕು. ಒಂದರಲ್ಲಿ ಕಡಿಮೆ ಬಂದರೆ, ಅದರೊಳಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಬೇಕು. ಒತ್ತಡ ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ತೊಂದರೆ ವಾಲ್ವ್ ಅಥವಾ ಗ್ಯಾಸ್ಕೆಟ್ ಕಡೆಗಿದೆ, ಹೆಡ್ ಬಿಚ್ಚಿ ಸರಿಪಡಿಸಬಹುದು. ಈ ಟೆಸ್ಟ್ ಮಾಡದೆಯೇ “ಇಂಜಿನ್ ಚೇಂಜ್ ಮಾಡ್ಬೇಕು ಸಾರ್” ಎನ್ನುವ ಮಾತಿಗೆ ತಲೆಯಾಡಿಸಬೇಡಿ.

ನಂಬಿಕೆ 2: ಮಾರುತಿಯ ಯಾವ ಇಂಜಿನ್ ಆದರೂ ಕೂರುತ್ತದೆ

ಇದೂ ಸುಳ್ಳು. ಓಮ್ನಿ ವ್ಯಾನಿನಲ್ಲೂ 796 ಸಿಸಿ ಇಂಜಿನ್ ಇದೆ, ನಿಜ. ಆದರೆ ಅದು ಮುಂದಿನ ಸೀಟಿನ ಕೆಳಗೆ ಉದ್ದಕ್ಕೆ ಕೂತು ಹಿಂದಿನ ಚಕ್ರ ತಿರುಗಿಸುತ್ತದೆ. 800ರಲ್ಲಿ ಇಂಜಿನ್ ಬಾನೆಟ್ ಕೆಳಗೆ ಅಡ್ಡಕ್ಕೆ ಕೂತು ಮುಂದಿನ ಚಕ್ರ ತಿರುಗಿಸುತ್ತದೆ. ಒಳಗಿನ ಕೆಲವು ಭಾಗ ಹೊಂದಿದರೂ ಇಡೀ ಇಂಜಿನ್ ಹಾಗೆಯೇ ಎತ್ತಿ ಇಡಲಾಗದು.

800ರಲ್ಲೇ ಎರಡು ಬಗೆ ಇವೆ: ಹಳೆಯ ಕಾರ್ಬುರೇಟರ್ ಕಾರು, ನಂತರದ ಎಂಪಿಎಫ್‌ಐ ಕಾರು. ಮೊದಲನೆಯದಕ್ಕೆ ಎರಡನೆಯದರ ಇಂಜಿನ್ ಹಾಕಿದರೆ ಇಸಿಯು, ವೈರಿಂಗ್, ಸೆನ್ಸರ್, ಹೆಚ್ಚು ಒತ್ತಡದ ಪೆಟ್ರೋಲ್ ಪಂಪ್, ಪೈಪು ಎಲ್ಲವೂ ಬೇಕು. ಇಂಜಿನ್ ಬೆಲೆಗಿಂತ ಇವುಗಳ ಕೂಲಿಯೇ ಜಾಸ್ತಿ ಆದೀತು.

ನಂಬಿಕೆ 3: ಕೆ10 ಹಾಕಿದರೆ ಮೈಲೇಜ್ ಡಬಲ್

2010ರಲ್ಲಿ ಬಂದ ಆಲ್ಟೊ ಕೆ10 ಕಾರಿನ 998 ಸಿಸಿ ಇಂಜಿನ್ ಒಳ್ಳೆಯದೇ. ಆದರೆ ಆ ಕಾರಿನ ಮೈಲೇಜ್ ಬರೀ ಇಂಜಿನ್ನಿನಿಂದ ಬಂದದ್ದಲ್ಲ. ಅದರ ಗೇರ್‌ಬಾಕ್ಸ್, ಇಸಿಯು ಎಲ್ಲ ಒಂದಕ್ಕೊಂದು ಹೊಂದಿಸಿದಂಥವು. 800ರ ಬ್ರೇಕು, ಮೌಂಟಿಂಗ್, ಡ್ರೈವ್ ಶಾಫ್ಟ್ ಇರುವುದು ಅದರ ಮೂಲ ಇಂಜಿನ್ನಿನ ಶಕ್ತಿಗೆ ತಕ್ಕಂತೆ. ಓಟ ಹೆಚ್ಚಿ ಬ್ರೇಕ್ ಹಳೆಯದೇ ಉಳಿದರೆ ಅಪಾಯ ಒಳಗೆ ಕೂತವರಿಗೆ.

ಲೆಕ್ಕವನ್ನೂ ಹಾಕೋಣ. ವರ್ಷಕ್ಕೆ 5,000 ಕಿ.ಮೀ. ಓಡುವ ಕಾರಿನ ಮೈಲೇಜ್ 15ರಿಂದ 20ಕ್ಕೆ ಏರಿತು ಎಂದುಕೊಳ್ಳಿ. ಮೊದಲು 333 ಲೀಟರ್ ಬೇಕಿತ್ತು, ಈಗ 250 ಸಾಕು. ಉಳಿತಾಯ 83 ಲೀಟರ್. ಲೀಟರಿಗೆ 100 ರೂಪಾಯಿಯಂತೆ ವರ್ಷಕ್ಕೆ ಸುಮಾರು 8,300 ರೂಪಾಯಿ. ಇಂಜಿನ್ ಬದಲಿಸಲು 50,000 ರೂಪಾಯಿ ಖರ್ಚಾದರೆ ಆ ಹಣ ಹುಟ್ಟಲು ಆರು ವರ್ಷ ಬೇಕು. 15 ವರ್ಷ ದಾಟಿದ ಖಾಸಗಿ ಕಾರಿನ ಆರ್‌ಸಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು ಎಂಬುದೂ ನೆನಪಿರಲಿ.

ನಂಬಿಕೆ 4: ಆರ್‌ಟಿಒಗೆ ತಿಳಿಸಬೇಕಿಲ್ಲ

ಇದು ಅತ್ಯಂತ ಅಪಾಯದ ಮಾತು. ಇಂಜಿನ್ ನಂಬರ್ ಇರುವುದು ಬ್ಲಾಕ್ ಮೇಲೆ. ಹೆಡ್ ಮಾತ್ರ ಬದಲಿಸಿದರೆ ಅಥವಾ ನಿಮ್ಮದೇ ಬ್ಲಾಕ್ ಬೋರ್ ಮಾಡಿಸಿದರೆ ನಂಬರ್ ಬದಲಾಗದು. ಬ್ಲಾಕ್ ಬದಲಾದರೆ ನಂಬರ್ ಬದಲಾಗುತ್ತದೆ, ಆರ್‌ಸಿಗೂ ಕಾರಿಗೂ ತಾಳೆಯಾಗದು.

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಸಿಎನ್‌ಜಿ, ಎಲ್‌ಪಿಜಿಯಂಥ ಬೇರೆ ಇಂಧನಕ್ಕೆ ಅನುಮೋದಿತ ಕಿಟ್ ಹಾಕಿಸಲು ಅವಕಾಶವಿದೆ. ಅದೇ ಮಾದರಿಯ ಇಂಜಿನ್ ಹಾಕಿಸುವುದಾದರೆ ಮೊದಲೇ ಆರ್‌ಟಿಒ ಅನುಮತಿ ಪಡೆಯಿರಿ. ಅನುಮತಿಯಿಲ್ಲದೆ ಬದಲಾಗಿದ್ದರೆ 14 ದಿನಗಳೊಳಗೆ ತಿಳಿಸಬೇಕು ಎನ್ನುತ್ತದೆ ಕಾಯ್ದೆ. ಆರ್‌ಸಿಯಲ್ಲಿ ಹೊಸ ನಂಬರ್ ಸೇರಿದ ಮೇಲೆ ವಿಮಾ ಕಂಪನಿಗೂ ಬರೆದು ತಿಳಿಸಿ. ಇಲ್ಲದಿದ್ದರೆ ಅಪಘಾತವಾದ ದಿನ ಕ್ಲೇಮಿಗೆ ತಕರಾರು ಬರಬಹುದು.

ಹಳೆಯ ನಂಬರನ್ನೇ ಹೊಸ ಬ್ಲಾಕಿಗೆ ಪಂಚ್ ಮಾಡಿಕೊಡುತ್ತೇವೆ ಎನ್ನುವವರಿದ್ದರೆ ಅಲ್ಲಿಂದ ಎದ್ದು ಬನ್ನಿ. ಅದು ಅಪರಾಧ.

ಹಾಗಾದರೆ ಯಾವುದನ್ನು ಆರಿಸಬೇಕು?

ಮೊದಲ ಆಯ್ಕೆ: ನಿಮ್ಮದೇ ಇಂಜಿನ್ ಓವರ್‌ಹಾಲ್. ಬ್ಲಾಕ್ ಒಡೆದಿಲ್ಲವಾದರೆ ಲೇತ್‌ನಲ್ಲಿ ಬೋರ್ ಮಾಡಿಸಿ, ಹೊಸ ಪಿಸ್ಟನ್, ರಿಂಗ್, ಬೇರಿಂಗ್ ಹಾಕಿಸಬಹುದು. ನಂಬರ್ ಅದೇ ಉಳಿಯುತ್ತದೆ.

ಎರಡನೆಯ ಆಯ್ಕೆ: ಅದೇ ಮಾದರಿಯ ಬಳಸಿದ ಇಂಜಿನ್. ಕೊಳ್ಳುವ ಮುನ್ನ ಇಷ್ಟು ನೋಡಿ:

• ಆಯಿಲ್ ಮುಚ್ಚಳದೊಳಗೆ ಮಜ್ಜಿಗೆಯಂಥ ಬಿಳಿ ಪದರ ಇದ್ದರೆ ಆಯಿಲಿಗೆ ನೀರು ಸೇರಿರಬಹುದು. ಬಿಟ್ಟುಬಿಡಿ.
• ಸ್ಪ್ಯಾನರ್ ಹಾಕಿ ಕೈಯಲ್ಲಿ ತಿರುಗಿಸಿದಾಗ ಎಲ್ಲೂ ಹಿಡಿಯಬಾರದು.
• ದುಡ್ಡು ಕೊಡುವ ಮೊದಲು ಕಂಪ್ರೆಷನ್ ಟೆಸ್ಟ್ ಆಗಲಿ.
• “ಬರೀ 40 ಸಾವಿರ ಓಡಿದೆ” ಎಂಬ ಬಾಯಿಮಾತು ಬೇಡ. ಗ್ಯಾರಂಟಿ ಬರಹದಲ್ಲಿರಲಿ.
• ಇಂಜಿನ್ ನಂಬರ್ ಬರೆದ ಬಿಲ್ ಹಾಗೂ ಆ ಇಂಜಿನ್ ಇದ್ದ ಕಾರಿನ ಆರ್‌ಸಿ ಪ್ರತಿ ಕೇಳಿ. ಕಳವಾದ ವಾಹನವೇ ಎಂಬುದನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ‘ವಾಹನ್ ಸಮನ್ವಯ್’ ಸೇವೆಯಲ್ಲಿ ಪರಿಶೀಲಿಸಬಹುದು.

ಇಂಜಿನ್ ಕೆಳಗಿಳಿದಿರುವಾಗಲೇ ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಆಯಿಲ್ ಸೀಲ್, ಕ್ಲಚ್ ಪ್ಲೇಟ್ ನೋಡಿಸಿಬಿಡಿ. ಆಮೇಲೆ ಇವಕ್ಕಾಗಿ ಮತ್ತೆ ಬಿಚ್ಚಿದರೆ ಕೂಲಿ ಎರಡೆರಡು ಸಲ.

ಇಂಜಿನ್ ಕೈಹಾಕುವ ಮೊದಲು ಕಾರಿನ ತಳ ಒಮ್ಮೆ ನೋಡಿ. ತಳವೇ ತುಕ್ಕು ಹಿಡಿದು ತೂತಾಗಿದ್ದರೆ ಯಾವ ಇಂಜಿನ್ ಹಾಕಿಸಿಯೂ ಪ್ರಯೋಜನವಿಲ್ಲ. ಅಂಥ ಕಾರನ್ನು ಬೀಳ್ಕೊಡುವುದೇ ಲೇಸು.

ಕೊನೆಯ ಮಾತು: ಕೆ10 ಹಾಕಿದರೆ ಮೈಲೇಜ್ ಡಬಲ್ ಎಂಬುದು ಸುಳ್ಳು. ಆರ್‌ಟಿಒಗೆ ತಿಳಿಸಬೇಕಿಲ್ಲ ಎಂಬುದೂ ಸುಳ್ಳು. ಆ ಸಂದೇಶ ಮತ್ತೆ ಬಂದರೆ ಮುಂದಕ್ಕೆ ಕಳಿಸಬೇಡಿ. ಕಳಿಸಿದವರಿಗೆ, “ಮೊದಲು ಕಂಪ್ರೆಷನ್ ಟೆಸ್ಟ್ ಮಾಡಿಸಿ” ಎಂದು ಹೇಳಿ.